ಬೇರೆ ಮನೆಯಲ್ಲಿ ಒಂದು ಪ್ರತಿ

ಬ್ಯಾಕ್... ಬ್ಯಾಕಾ... ಥೂ, ಏನದು ಅದರ ಹೆಸರು? ನಾಲಿಗಿ ತುದಿಮ್ಯಾಲೇ ಐತಿ... ಬ್ಯಾಕಪ್ಪು! ಹಾಂ, ಬ್ಯಾಕಪ್ಪು. ಯಾಕ ನಗ್ತಿ? ನಗಬ್ಯಾಡ ಜಂಬಣ್ಣ, ನೀನು ನಗೋ ಹೊತ್ತಲ್ಲ ಇದು. ಅದರ ಹೆಸರು ನನಗ ನೆಟ್ಟಗ ಬರಂಗಿಲ್ಲ, ಖರೇ. ಆದ್ರ ಮಾಡಿಸಿ ಇಟ್ಟಾಕಿ ನಾನು. ಹೆಸರು ಬರೋ ನೀನು ಮಾಡ್ಲಿಲ್ಲ!

ಕೂಡು. ಕೂಡೋ ಅಂದೆ! ಬಾಗಿಲದಾಗ ನಿಂತು "ಅವ್ವಾ, ಅಮರೇಶ ಪೆನ್‌ಡ್ರೈವ್ ನಿನ್ನ ಹತ್ರ ಐತಿ ಅಂತಾನ, ತಾ" ಅಂದ್ರ ಎತ್ತಿ ಕೊಡಾಕ ಅದೇನು ಕೊಬ್ಬರಿ ಬಟ್ಟಲೇನು? ಹೆತ್ತ ಮಗನಾದ್ರೇನು, ಮೊದಲ ನನ್ನ ಮಾತು ಕೇಳು.

ಕೆಳಗ ಆಫೀಸಿನಾಗ ಕಂಪ್ಯೂಟರ್ ಸತ್ತು ಬಿದ್ದೈತಿ. ಐತೋ ಇಲ್ಲೋ? ನಿಮ್ಮಪ್ಪ ಕಟ್ಟಿದ ವಧು-ವರ ಕೇಂದ್ರ. ಅಷ್ಟೂ ಮಂದಿ ಗಂಡು-ಹೆಣ್ಣಿನ ಫೋಟೋ, ವಿವರ, ಫೋನ್ ನಂಬರು, ಎಲ್ಲಾ ಹೋತು! ಬರೋ ಐತವಾರ ಸಮಾವೇಶ. ನಾಳೆ ಅವರೆಲ್ಲರ ವಿವರದ ಪುಸ್ತಕ ಪ್ರಿಂಟಿಗೆ ಹೋಗಬೇಕು. ಬೀದರಿನಿಂದ, ಬಳ್ಳಾರಿಯಿಂದ ಬಸ್ ಹತ್ತಿ ಬಂದ ಮಂದಿ ಕೈಯಾಗ ಏನು ಕೊಡ್ತಿ? ಬರೇ ಉಪ್ಪಿಟ್ಟು ತಿನ್ನಿಸಿ ಕಳಸ್ತೀಯಾ?

ವೈರಸ್ಸು ಅಂತೀಯಲ್ಲ, ಅದು ಹಾರಿ ಬಂತೇನು? ನೀನೇ ಕರಕೊಂಡು ಬಂದಿ! ಮೊನ್ನೆ ಯಾರೋ ಬಂದು "ಹುಡುಗನ ಫೋಟೋ ಈ ಸಿಡ್ಯಾಗ ಐತ್ರಿ" ಅಂದ್ರು. ಇಸಕೊಂಡು ನೇರ ಒಳಗ ತುರುಕಿದಿ. ಆಹಾ! ಬಾಗಿಲಿಗೆ ಬಂದವರನ್ನ ಒಳಪಂಗಡ ಯಾವುದು, ಬೆಡಗು ಯಾವುದು, ಯಾವ ಮಠದವರು ಅಂತ ಕೇಳಿ ಕೇಳಿ ಒಳಗ ಬಿಟ್ಟಗೋತಿ. ಆ ಸಿಡಿಗೆ ಒಂದು ಮಾತು ಕೇಳ್ಲಿಲ್ಲಲ್ಲೋ!

ಸುಮ್ಮನಿರು, ನನಗ ಗೊತ್ತಿಲ್ಲದ್ದಲ್ಲ. ದಿನಾ ಅಲ್ಲೇ ಕುರ್ಚಿ ಹಾಕ್ಕೊಂಡು ಕೂಡ್ತೀನಿ. ವೈರಸ್ ಕಾಯೋ ಪ್ರೋಗ್ರಾಮಿನ ವರ್ಷ ಮುಗೀತ್ರಿ ಅಂತ ಅಮರೇಶ ಹೇಳ್ಲಿಲ್ಲೇನು? ಟೈಪ್ ಮಾಡೋ ಹುಡುಗ, ಅವನ ಮಾತೇನು ಕೇಳೂದು ಅಂದ್ಕೊಂಡಿ. ಅದು ಮೂಲ್ಯಾಗ ಕೆಂಪಗ ಹೊಯ್ಕೊಂತಿತ್ತು, ನೀನು ಮುಚ್ಚಿ ಮುಚ್ಚಿ ಕೆಲಸ ಮಾಡಿದಿ. ಯುಪಿಎಸ್ ಬ್ಯಾಟರಿ ಸತ್ತು ಎಷ್ಟು ದಿನ ಆತು? ಅದರ ಮ್ಯಾಲ ಮನಿಪ್ಲಾಂಟು ಇಟ್ಟೀದಿ! ಪಾಸ್‌ವರ್ಡು ಅಂತೂ... ಚೀಟಿ ಬರದು ಪರದೆಗೇ ಅಂಟಿಸಿದಿ. ಕೀಲಿ ಹಾಕಿ ಕೀಲಿಕೈ ಬಾಗಿಲಿಗೇ ತೂಗಹಾಕಿದಂಗ!

ಆ ಕಂಪ್ಯೂಟರಿನಾಗ ಎಲ್ಲಾ ಕೂಡಿಸಿದಾಕಿ ಹಿಂಗ ಮಾಡಿದ್ದಿಲ್ಲ.

ಯಾಕ, ಮಾರಿ ಆ ಕಡೆ ಯಾಕ ತಿರುಗಿಸ್ತಿ? ಹೆಸರು ಎತ್ತಲಿಲ್ಲಪ್ಪ ನಾನು. ನಿನ್ನ ಆಣಿ ಐತಲ್ಲ, ಈ ಮನ್ಯಾಗ ನಿನ್ನ ತಂಗಿ ಹೆಸರು ಯಾರೂ ಎತ್ತಬಾರದು ಅಂತ. ಐದು ವರ್ಷ ಆತು, ಎತ್ತಿಲ್ಲ. ಅಕಿ ಅಂದೆ. ಅಕಿ ಅನ್ನೂದೂ ತಪ್ಪೇನು?

ಕೂಡಿಸಿದಾಕಿ ಅಕಿ ಅಲ್ಲೇನು ಮತ್ತ? ನಿಮ್ಮಪ್ಪನ ಟ್ರಂಕಿನಾಗಿದ್ದ ಹಾಳಿ ಅಷ್ಟನ್ನೂ ಕಣ್ಣು ಕೆಂಪಾಗೂತನಕ ಟೈಪ್ ಮಾಡಿದಾಕಿ ಯಾರು? ಹುಡುಗೇರ ಫೋಟೋ ಬಂದವರೆಲ್ಲ ನೋಡಬಾರದು ಅಂತ ಅದಕ್ಕ ಬ್ಯಾರೆ ಬೀಗ ಮಾಡಿದಾಕಿ ಯಾರು? ಆಮ್ಯಾಲ ಯುಪಿಎಸ್ ಹಾಕಾಕ ಬಂದ ವೆಂಕಟಗಿರಿನ್ನ ಲಗ್ನ ಆದ್ಲು, ಅವ ನಮ್ಮವ ಅಲ್ಲ... ಅಷ್ಟೇ ಅಲ್ಲೇನು ಅಕಿ ತಪ್ಪು? "ಮಂದಿಗೆ ಜಾತ್ಯಾಗ ಸಂಬಂಧ ಹುಡುಕಿ ಕೊಡೋ ಮನಿ ಇದು, ನಾಳೆ ನನ್ನ ಬಾಗಿಲಿಗೆ ಯಾರು ಬರ್ತಾರ" ಅಂತ ಅಕಿ ಚೀಲ ತಗದು ರಸ್ತಾಕ್ಕ ಇಟ್ಟಿ. ಈ ಆರ್‌ಪಿಸಿ ಲೇಔಟ್ ಮಂದಿ ಎಲ್ಲಾ ನಿಂತು ನೋಡಿದ್ರು. ನಾನೂ ನಿಂತು ನೋಡಿದೆ.

ಹೊಳ್ಳಿ ಬಂತೇನು ಹಳೇ ಪುರಾಣ ಅಂತೀಯಾ? ಬಂತು! ಯಾಕಂದ್ರ ಅಕಿ ಇಲ್ಲಿದ್ದಾಗ ಒಂದು ಮಾತು ಹೇಳಿದ್ಲು. "ಎಷ್ಟ ಬೀಗ ಹಾಕ್ರಿ, ಒಂದು ಪ್ರತಿ ಯಾವಾಗಲೂ ಬ್ಯಾರೆ ಮನ್ಯಾಗ ಇರಬೇಕು" ಅಂತ. ನೀನು ನಕ್ಕಿ. ನನಗ ಥಟ್ಟನ ತಿಳೀತು. ನಮ್ಮ ಕುಷ್ಟಗ್ಯಾಗ ನಮ್ಮವ್ವ ಏನು ಮಾಡ್ತಿದ್ಲು? ನಮ್ಮ ಮನಿ ಹೆಪ್ಪು ಬಾಜೂ ಮನಿಗೆ ಕೊಡ್ತಿದ್ಲು. ನಮ್ಮ ಗಡಿಗಿ ಒಡೀಲಿ, ಬೆಕ್ಕು ಬಾಯಿ ಹಾಕ್ಲಿ, ಮರುದಿನ ಅವರ ಮನಿಯಿಂದ ನಮ್ಮ ಹೆಪ್ಪು ನಮಗೇ ಬರ್ತಿತ್ತು. ಜಗಳ ಆಡಿ ಮಾತು ಬಿಟ್ಟಾಗೂ ಬರ್ತಿತ್ತು! ಈ ಊರಾಗ ಪಾಕೀಟಿನ ಮೊಸರು ತಿಂದು ಬೆಳದವಗ ಏನು ತಿಳೀಬೇಕು ಅದು?

ಹಾಂ ಹಾಂ, ಐತಿ. ಐತಿ ಅಂದ್ನಲ್ಲ. ಈ ಸೋಮವಾರದ ತನಕದ್ದೂ ಐತಿ. ಎಲ್ಲಿ ಅಂದ್ರ... ಐತಿ ಒಂದು ಕಡೆ. ಏ, ನನ್ನ ಸಂಚಿ ಯಾಕ ತಡಕಾಡ್ತಿ? ಬಿಡು ಅದನ್ನ! ಎಲಿ-ಅಡಕಿ ಬಿಟ್ರ ಏನಿಲ್ಲ. ಒಯ್ಯೂದು ಅದರಾಗ ಒಯ್ತಿದ್ದೆ, ಸುಣ್ಣ ಹತ್ತಬಾರದು ಅಂತ ಪ್ಲಾಸ್ಟಿಕ್ಕಿನಾಗ ಸುತ್ತಿ. ಮೊದಲೆಲ್ಲ ಸಿಡಿ, ಈಗೀಗ ಪೆನ್‌ಡ್ರೈವು. ಅಮರೇಶ ತುಂಬಿ ಕೊಡ್ತಿದ್ದ.

ಎಲ್ಲಿಗೆ ಒಯ್ತಿದ್ದೆ? ಗುಡಿಗೆ. ಸೋಮವಾರ ಸೋಮವಾರ ಗುಡಿಗೆ ಹೋಗ್ತಿದ್ದಿಲ್ಲೇನು? ನೀನೇ ಸ್ಕೂಟರ್ ಮ್ಯಾಲ ಬಿಡ್ತಿದ್ದಿ... ಅಯ್ಯ, ಪೂಜಾರಿಗೆ ಯಾಕ ಫೋನ್ ಹಚ್ಚತಿ? ಅವಗ ಏನು ಗೊತ್ತು? ಇಡು. ಫೋನ್ ಇಡು ಅಂದೆ ಜಂಬಣ್ಣ!

ಗುಡ್ಯಾಗ ಇಲ್ಲ.

ಮತ್ತ ಎಲ್ಲೈತಿ ಅಂತ ಕೇಳು. ಕೇಳೋ. ಬೈಯಿ ಬೇಕಾದ್ರ. ಹಂಗ ನೋಡಬ್ಯಾಡ.

ತಿಳೀತು ನಿನಗ.

ಹೌದು, ಹೇರೋಹಳ್ಳ್ಯಾಗ ಐತಿ. ನೀನು ಸ್ಕೂಟರ್ ತಿರುಗಿಸಿದ ಕೂಡಲೇ ಹೊರಗಿಂದಲೇ ಶಿವಗ ಕೈ ಮುಗದು ಬಸ್ ಹತ್ತತಿದ್ದೆ. ಆ ತಗ್ಗಿನ ರಸ್ತ್ಯಾಗ ಸೀರಿ ಎತ್ತಿ ಹಿಡಕೊಂಡು ನನ್ನ ಮಗಳ ಮನಿಗೆ ಹೋಗ್ತಿದ್ದೆ. ಬ್ಯಾರೆ ಮನ್ಯಾಗ ಇಡಬೇಕು ಅಂದ್ಲು, ಅಕಿ ಮನೀನೇ ನೀನು ಬ್ಯಾರೆ ಮಾಡಿದಿ. ಅಲ್ಲೇ ಇಟ್ಟೆ!

ಆಂ? ಏನಂದಿ? ಗಟ್ಟಿ ಹೇಳು. ನಮ್ಮ ಮಂದಿ ಹೆಣ್ಣುಮಕ್ಕಳ ಫೋಟೋ ಅಂಥವರ ಮನ್ಯಾಗ? ಲೇ, ಪರದೆಗೆ ಚೀಟಿ ಅಂಟಿಸಿದವನು ನೀನು! ಅಕಿ ಕಪಾಟಿನಾಗ ಇಟ್ಟು ಕೀಲಿ ಹಾಕ್ಯಾಳ. ವೆಂಕಟಗಿರಿ ಮುಟ್ಟಿಲ್ಲ. "ಅದು ನಿಮ್ಮಣ್ಣಂದು, ನಮಗ್ಯಾಕೆ" ಅಂತಾನ. ನಿಮ್ಮಣ್ಣ! ಚೀಲ ರಸ್ತಾಕ್ಕ ಇಟ್ಟವನಿಗೆ ಇನ್ನೂ ಅಣ್ಣ ಅಂತಾನಲ್ಲ, ಅದಕ್ಕ ಸಿಟ್ಟು ನನಗ.

ಎಲ್ಲಿಗೆ ಎದ್ದಿ? ಅಮರೇಶನ್ನ ಕಳಸ್ತೀಯಾ? ಕಳಸು, ಬರೇ ಕೈಲೆ ಬರ್ತಾನ. ಯಾರು ಬಂದ್ರೂ ಕೊಡಬ್ಯಾಡ, ನಿಮ್ಮಣ್ಣ ಬಾಗಿಲಿಗೆ ಬಂದ್ರ ಅವನ ಕೈಗೆ ಕೊಡು ಅಂತ ಅಕಿಗೆ ಅಂದೀನಿ. ಹೌದೋ, ಬೇಕಂತಲೇ ಅಂದೀನಿ! ಐತವಾರದ ಸಮಾವೇಶ ಬೇಕಾದ್ರ ಹೋಗು. ಬ್ಯಾಡಾದ್ರ ಕೂತ್ಗೊ ಇಲ್ಲೇ, ಆ ಸತ್ತ ಡಬ್ಬಿ ಕಾಯಿ.

ಶರಣ್ಯಾ! ಬಾರವ್ವ ಇಲ್ಲಿ. ಹೋಂವರ್ಕ್ ಆಮ್ಯಾಲ ಬರಿ. ಪೆನ್ನು, ಹಾಳಿ ತಗೊಂಡು ಬಾ, ನಿಮ್ಮಪ್ಪಗ ಒಂದು ವಿಳಾಸ ಬರಕೊಡು. ಹೇರೋಹಳ್ಳಿ... ನೀರಿನ ಟ್ಯಾಂಕಿನ ಹಿಂದ... ಹಸರು ಗೇಟು... ತಡಿ ತಡಿ. ಮೊದಲ ಮ್ಯಾಲ ಹೆಸರು ಬರೀಬೇಕಲ್ಲ. ಯಾರದಾ? ನಾ ಹೇಳಂಗಿಲ್ಲವ್ವ, ಆಣಿ ಐತಿ. ನಿಮ್ಮಪ್ಪ ಹೇಳ್ತಾನ. ಅವನ ಬಾಯಿಂದ ಬಂದಮ್ಯಾಲ, ಬರಕೋ.