ಸುಕ್ಕು ಬಿದ್ದ ಗುಂಡು

ಗುರಿ ಅಭ್ಯಾಸದ ಮೈದಾನದೆದುರಿನ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಒಬ್ಬ ಮಾವ, ಅಳಿಯ ಕೂತಿದ್ದರು. ನಡುವೆ, ಒಂದೊಂದೇ ಗುಂಡು ತುಂಬುವ ಹಳೇ ಬಂದೂಕು. ಮಾವ ಅಂಗೈಯಲ್ಲಿ ಸೀಸದ ಗುಂಡೊಂದನ್ನು ಹೊರಳಿಸಿದರು.

"ಅಳಿಯಂದಿರೇ, ಇದರ ಮೈಯೆಲ್ಲ ಸುಕ್ಕು. ಸೀಸ ಸರಿಯಾಗಿ ಕಾಯೋಕ್ ಮುಂಚೆನೇ ಅಚ್ಚಿಗೆ ಹೊಯ್ದುಬಿಟ್ರಾ?"

"ಗುಂಡು ಚೆನ್ನಾಗೇ ಇದೆ ಮಾವ. ನಿಮ್ಮ ಬಂದೂಕಿಗೇ ವಯಸ್ಸಾಯ್ತು."

"ಹೌದೌದು. ಬೆಳಿಗ್ಗೆಯಿಂದ ಹೊಡೆದ್ರಿ, ಹಲಗೆಗೆ ಒಂದೂ ತಾಗಲಿಲ್ಲ. ಅದೇ ಬಂದೂಕಲ್ಲಿ ನನ್ನ ಮಗಳು ನಟ್ಟನಡುವೆ ಹೊಡೆದ್ಲಲ್ಲ?"

"ಅವಳದು ಅದೃಷ್ಟ."

"ಅವಳದು ಅವಳೇ ಎರಕ ಹೊಯ್ದ ಗುಂಡು. ನಾಳೆ ಪಂದ್ಯಕ್ಕೂ ಅವಳೇ ಇಳೀತಾಳೆ."

"ಮತ್ತೆ ನನ್ನ ಗುಂಡು?"

"ಮೀನಿನ ಬಲೆಗೆ ಕಟ್ಟಿ. ಮುಳುಗೋದಂತೂ ಗ್ಯಾರಂಟಿ."

ಬಸ್ ಬಂತು. ಮಾವ ಬಂದೂಕು ಹೆಗಲಿಗೇರಿಸಿ ಮುಂದಿನ ಬಾಗಿಲಲ್ಲಿ ಹತ್ತಿದರು. ಅಳಿಯ ಗುಂಡಿನ ಡಬ್ಬಿ ಹಿಡಿದು ಹಿಂದಿನ ಬಾಗಿಲಿಗೆ ಹೋದ.