ರೂಪಕ್ಕನ ಪಾಸ್‌ವರ್ಡು

ಮದ್ದೂರು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನಲ್ಲಿ ಕೂತಿದ್ದ ಹೊಂಬಾಳಮ್ಮನ ಕಿವಿ ಪಕ್ಕದವರ ಮಾತಿನತ್ತಲೇ ಇತ್ತು. ಇಬ್ಬರೂ ಸಕ್ಕರೆ ಕಾರ್ಖಾನೆಯ ಕಂಪ್ಯೂಟರ್ ವಿಭಾಗದವರು: ರೂಪ, ಅವಳಿಗಿಂತ ಕಿರಿಯ ಚಲುವರಾಜು.

“ಮನೇಲೇ ಕೂತು ಕಾರ್ಖಾನೆ ಸರ್ವರಿಗೆ ಕಮಾಂಡ್ ಕೊಡೋ ಪೈಥಾನ್ ಸ್ಕ್ರಿಪ್ಟು ಬರೀತೀನಿ ಅಂದೆ ನೀನು. ನಂಬಿ ನನ್ನ ಲಾಗಿನ್ ಹೆಸ್ರು, ಪಾಸ್‌ವರ್ಡು ಕೊಟ್ಟೆ,” ಎಂದಳು ರೂಪ.

“ದಾಖಲೆ ನಕಲು ಇಡೋ ಬ್ಯಾಕಪ್ಪಿಗೇ ಬರ್ದಿದ್ದು ಕಣಕ್ಕ.”

“ಕಬ್ಬು ಕಟಾವಿನ ಸರದೀಲಿ ನಿಮ್ಮಾವನ ಗದ್ದೆ ಮೇಲಕ್ಕೆ ತಂದಿದ್ದೂ ಬ್ಯಾಕಪ್ಪಾ?”

“ಒಂದು ಸಾಲು ಸೇರಿಸ್ದೆ, ಅಷ್ಟೇಯ.”

“ಸರ್ವರ್ ದಾಖಲೇಲಿ ಸರದಿ ಬದಲಾಯಿಸ್ದೋರು ‘ರೂಪ’ ಅಂತ ಐತೆ. ನಾಳೆ ಸಾಹೇಬ್ರ ಮುಂದೆ ನಿಂತ್ಕೊಳ್ಳೋಳು ನಾನು ಕಣ್ಲಾ.”

ಬಲಿತು ಸೂಲಂಗಿ ಹೂ ಬಂದರೂ ಕಟಾವಾಗದೆ ನಿಂತ ತನ್ನ ಕಬ್ಬು ಹೊಂಬಾಳಮ್ಮನಿಗೆ ನೆನಪಾಯಿತು.

ಬಸ್ಸು ಬಂತು. ರೂಪ ಹತ್ತಿದಳು.

“ಅಕ್ಕ, ಅಕ್ಕ...” ಎನ್ನುತ್ತ ಅವನು ಬಾಗಿಲವರೆಗೂ ಓಡಿದ.

“ಅಕ್ಕ ಅನ್ಬ್ಯಾಡ. ಸ್ಕ್ರಿಪ್ಟಲ್ಲಿ ಬರೀ ರೂಪ ಅಂತ ಬರ್ದಿದ್ದೀಯಲ್ಲ, ಅಂಗೇ ಕರಿ.”