ಮೇಲ್ಹೊಲದ ಮಣ್ಣು

...ಅದ್ನೇ ಕಣಮ್ಮಿ ನಾನೂ ಹೇಳ್ತಿರೋದು, ನಮ್ ಮಣ್ಣು ನಮ್ಗೆ ವಾಪಸ್ ಕೊಟ್ಬುಡು! ಯಾಕೆ ಹಂಗ್ ನೋಡ್ತೀಯ? ತಮಾಸೆ ಅಲ್ಲ ನಾಗಲಕ್ಷ್ಮಿ. ಅಣ್ಣ ತಮ್ಮ ಪಾಲಾದಾಗ ಮೇಲ್ಹೊಲ ನಮ್ದು, ಕೆಳಹೊಲ ನಿಮ್ದು ಅಂತ ಊರೇ ನಿಂತು ಹೇಳಿತ್ತು. ನೆನ್ನೆ ಮಳೇಲಿ ನಮ್ ಕೆಂಪು ಮಣ್ಣೆಲ್ಲ ಜಾರ್ಕಂಡು ಬಂದು ನಿನ್ ಅರಿಸಿನದ ಮೇಲೆ ಕಾಲ್ ಚಾಚ್ಕಂಡು ಮಲ್ಕಂಡದೆ. ಪುಕ್ಕಟೆ ಮಣ್ಣು ಬಂತು ಅಂತ ನೀನು ಕುಣೀಬೇಕಿತ್ತು! ಅದ್ ಬುಟ್ಟು, ಮಂಕರಿ ಮುಂದಿಟ್ಕಂಡು, ತುಟಿ ಹೊಲ್ಕಂಡು, ಗೋರ್ತಾ ಕೂತಿದ್ದೀಯ.

ಮಾತಾಡು. ಬಯ್ಯೋದಾದ್ರೂ ಬಯ್ಯಿ. ‘ಚಂದ್ರಕ್ಕ, ಚಂದ್ರಕ್ಕ’ ಅಂತ ಬಾಯ್ತುಂಬ ಕರೀತಿದ್ದೋಳು, ಈಗ ವಾರಗಿತ್ತಿ ಸತ್ತೇ ಹೋದ್ಲು ಅನ್ನೋ ಹಂಗೆ...

ಏನು? ಕೈನಾ? ಏನಿಲ್ಲ, ಚಳಿ. ಗೋಪಾಲಸ್ವಾಮಿ ಬೆಟ್ಟದ ಮೇಲೆ ಮೋಡ ಇನ್ನೂ ಕೂತದೆ ನೋಡು. ಅದ್ಕೇ ಸೆರಗೊಳ್ಗೆ ಇಟ್ಕಂಡಿದ್ದೀನಿ.

ನಿನ್ ಬೇಸಾಯ ನೋಡುದ್ರೆ ನಗು ಬತ್ತದೆ ಕಣೆ. ಜಲಾನಯನ ಇಲಾಖೆಯೋರು ಬಂದು ಇಸ್ಕೂಲ್ ಜಗಲೀಲಿ ಟೀ ಬಿಸ್ಕತ್ತು ಕೊಟ್ಟು ಹೇಳಿದ್ನೆಲ್ಲ ನೀನು ಸೆರಗಿಗೆ ಗಂಟ್ ಹಾಕ್ಕಂಡು ಬಂದೆ. ಇಳಿಜಾರಿಗೆ ಅಡ್ಡ ಉಳು, ಮಣ್ಣ ಬರಿಮೈಲಿ ಬುಡಬೇಡ, ಜೋಳದ ದಂಟು ಹಾಸು... ಹೊಲಕ್ಕೆ ನೀನು ಹೊದಿಕೆ ಹೊದ್ಸೋದ್ನ ನೋಡಿ ನಿಮ್ ಭಾವ ಏನಂದ್ರು ಗೊತ್ತಾ? ‘ಒಂದ್ ದಿಂಬೂ ಕೊಟ್ಬುಡು ಅನ್ನು, ಪಾಪ, ಕತ್ತು ನೋಯ್ತದೆ’ ಅಂದ್ರು! ಹ್ಹಹ್ಹ... ಒಂಚೂರಾದ್ರೂ ನಗಮ್ಮಿ.

ನಮ್ದು ನೋಡು, ಶುಂಠಿ. ವಯನಾಡಿಂದ ಬಂದೋರು ಮಾಡೋ ಹಂಗೇ ಹಗ್ಗ ಹಿಡ್ದು ಮಡಿ ಎಳ್ಸಿದ್ವು. ಮೇಲಿಂದ ಕೆಳಕ್ಕೆ, ಮದುವಣಗಿತ್ತಿ ಬೈತಲೆ ಹಂಗೆ ನೆಟ್ಟಗೆ! ಅಡ್ಡ ಹಾಕುದ್ರೆ ನೀರು ನಿಲ್ತದೆ, ನೀರು ನಿಂತ್ರೆ ಗೆಡ್ಡೆ ಕೊಳೀತದೆ. ನೀರು ಓಡ್ಬೇಕು, ಅಷ್ಟೆ. ಎಲ್ಲಿಗಮ್ಮ ಓಡ್ತೀಯ ಅಂತ ಕೇಳೋಕೆ ನಾವೇನು ಅದ್ರ ಸೋದರಮಾವನಾ?

ಬದುವಾ?

ಬದೂನ ಮಳೆ ಒಡೀತು. ಮಳೆಗೇನು ಕಣ್ಣಾ ಮೂಗಾ? ಹೌದು, ಅತ್ತೆ ನೆಟ್ಟಿದ್ದ ಲಾವಂಚದ ಸಾಲು ಇತ್ತು. ಅದ್ರ ಬೇರು ಆಳುದ್ದ ಇಳೀತದೆ, ಬದು ಅಲ್ಲಾಡಕಿಲ್ಲ ಅಂತ ಅತ್ತೆ ಸಾಯೋತಂಕ ಹೇಳ್ತಿದ್ರು. ಅಷ್ಟ್ ವರ್ಸ ಒಂದ್ ಹಿಡಿ ಮಣ್ಣು ಕೆಳಕ್ಕೆ ಬುಟ್ಟಿರ್ಲಿಲ್ಲ, ಒಪ್ಕಂಡೆ. ಆದ್ರೂ ಅದೂ ಹುಲ್ಲೇ ತಾನೆ? ಹಂದಿ ಕೆದ್ಕಿರ್ಬೋದು. ಹಂದಿ ಇಲ್ದಿದ್ರೆ ಆನೆ. ಕಾಡಂಚಲ್ಲಿ ಇದ್ಕಂಡು, ಆನೆ ಬಂದಿಲ್ಲ ಅಂತ ಎದೆ ತಟ್ಟಿ ಹೇಳು ನೋಡನ!

ಹೆಜ್ಜೆ ಎಲ್ಲಿ ಅಂತ ಹುಡುಕ್ತಿದ್ದೀಯ? ಮಳೆ ಅಳ್ಸಿರ್ತದೆ.

ಈಗ ನಾನು ಯಾಕ್ ಬಂದೆ ಅಂದ್ರೆ... ನೀನು ಊರ್ ಯಜಮಾನ್ರು ಗುರುಮಲ್ಲಯ್ಯನೋರ್ನ ಕರೆಸಿದ್ದೀಯಂತೆ, ನ್ಯಾಯ ನೋಡೋಕೆ. ಬರ್ಲಿ. ನೀನು ಒಂದೇ ಮಾತು ಅನ್ನು, ‘ಮಳೆ ಒಡೀತು.’ ಮುಗೀತು! ಊರ್ ಕಟ್ಟು ನಿಂಗೂ ಗೊತ್ತಲ್ಲ? ಬದು ತಾನಾಗಿ ಒಡೆದ್ರೆ ಮೇಲಿನೋರು ಕೆಳಗಿನೋರು ಇಬ್ರೂ ಸೇರಿ ಕಟ್ಕಬೇಕು. ಯಾರಾದ್ರೂ ಕಡ್ದಿದ್ರೆ, ಕಡ್ದೋರೇ ಆ ಮಣ್ಣ ತಲೆ ಮೇಲೆ ಹೊತ್ತು ಕಟ್ಬೇಕು. ಕೂಲಿ ಇಡಂಗಿಲ್ಲ, ಟ್ರಾಕ್ಟರ್ ಕರ್ಸಂಗಿಲ್ಲ, ಊರೆಲ್ಲ ನಿಂತ್ಕಂಡು ನೋಡ್ತದೆ. ಹೋದ್ ವರ್ಸ ಶಿವಮಲ್ಲಪ್ಪ ಹೊತ್ನಲ್ಲ! ಪಂಚೆ ಉದುರೋಯ್ತಾ ಇತ್ತು ಮುಂಡೇದಕ್ಕೆ. ನಾನು ದಿಬ್ಬದ ಮೇಲೆ ಕೂತು ಕಡ್ಲೆಪುರಿ ತಿನ್ಕಂಡು, ‘ಇನ್ನೊಂದ್ ಮಂಕರಿ, ಶಿವಮಲ್ಲಪ್ಪಾ!’ ಅಂತ ಕೂಗಿ ಕೂಗಿ... ಹ್ಹ... ನೆನಪದಲ್ಲ ನಿಂಗೆ.

ನಮ್ಮನೆಯೋರಾ? ಅವ್ರು ಮೊನ್ನೆಯಿಂದ ಪುಣಜನೂರಲ್ಲಿ, ತಂಗಿ ಮನೇಲಿ. ಅವ್ರು ಹೆಂಗ್ ಕಡೀತಾರೆ? ಆಳುಗಳಾ? ನೆನ್ನೆ ಭಾನುವಾರ, ಒಬ್ರೂ ಬಂದಿಲ್ಲ. ಮನೇಲಿ ಇದ್ದೋಳು ನಾನೊಬ್ಳೆ...

ಏನದು, ಒಳ್ಗೊಳ್ಗೇ ಲೆಕ್ಕ ಹಾಕ್ತಿದ್ದೀಯ? ಈ ಮನೆಗೆ ಬಂದಾಗ್ನಿಂದ ನಾನು ಗುದ್ದಲಿ ಮುಟ್ಟಿದ್ದ ಯಾರಾದ್ರೂ ಕಂಡಿದ್ದಾರಾ? ಮಾದಪ್ಪನಾಣೆಗೂ... ಬೇಡ ಬುಡು, ಸಣ್ ಸಣ್ ವಿಷ್ಯಕ್ಕೆಲ್ಲ ಮಾದಪ್ಪನ್ನ ಯಾಕ್ ಎಳೀಬೇಕು.

ಮಣ್ಣಿಂದ ಏನೋ ಎತ್ತುದ್ಯಲ್ಲ, ಏನದು? ಲಾವಂಚದ ಬುಡ... ಹೂಂ. ಇನ್ನೊಂದಾ? ಸಂತೇಲಿ ಮೂಲಂಗಿ ಜೋಡ್ಸೋ ಹಂಗೆ ಯಾಕಮ್ಮಿ ಸಾಲಾಗಿ ಜೋಡಿಸ್ತೀಯ? ಬೇರು... ಬೇರು ನೆಟ್ಟಗೆ ಕಡ್ದಂಗದೆ. ಮಳೆ ಕೀಳ್ತದೆ, ಕಡಿಯಾಕಿಲ್ಲ. ಹಂಗಂತ ಕಣ್ಣಲ್ಲೇ ಹೇಳ್ಬೇಡ! ಹಂದಿ ಕೋರೆ ಚೂಪಾಗಿರ್ತದಪ್ಪ. ಕೆಲವು ಹಂದಿ... ಬಲು ನಾಜೂಕು...

ಏ! ಸೆರಗು ಬುಡು. ಬುಡು ಅಂದ್ರೆ... ಗುದ್ದಲಿ ಹಿಡ್ದ ಬೊಬ್ಬೆ ಅಲ್ಲ ಅದು. ಹಂಚು ತಾಕ್ತು, ಸುಡ್ತು. ಯಾಕೆ, ಎರಡೂ ಅಂಗೈ ಸುಡಬಾರ್ದು ಅಂತ ಕಾನೂನು ಅದೆಯಾ?

ಅಂಗೈ ಒತ್ತಬೇಡ್ವೆ, ಉರೀತದೆ.

ನೀರು ಏರ್ತಿತ್ತು ಕಣಮ್ಮಿ. ಆ ನೆಟ್ಟನೆ ಮಡೀಲೆಲ್ಲ ಇಳ್ದು ಬಂದು ಬದೂಗೆ ಡಿಕ್ಕಿ ಹೊಡ್ದು, ತಿರುಗಿ ಶುಂಠಿ ಒಳಕ್ಕೇ... ಮೊಳಕೆಯೆಲ್ಲ ಮುಳುಗ್ತಾ ಇತ್ತು. ಒಂದೇ ಮೊಳ. ಒಂದ್ ಮೊಳ ಬದು ಕಡ್ದು ಬಾಯಿ ಬುಟ್ರೆ ಸಾಕು ಅಂತ. ಮಿಕ್ಕಿದ್ದು ತಾನೇ ಕುಸ್ಕಂಡು ಹೋಯ್ತದೆ ಅಂತ ಯಾರ್ ಕಂಡಿದ್ರು? ನಿಮ್ ಜಲಾನಯನದೋರು ಅದ್ನೂ ಹೇಳಿದ್ರಾ? ಹೇಳಿದ್ರಾ...! ನಂಗೊಂದ್ ಮಾತು ಹೇಳ್ಬಾರ್ದಿತ್ತಾ?

ಹೂಂ. ನೀನು ಹೇಳಿದ್ದೆ. ದಿಂಬು ಅಂತ ನಕ್ಕಿದ್ದೆ ನಾನು.

ಯಾಕೆ... ಮಂಕರೀನ ಯಾಕೆ ನನ್ ಕಡೆ ತಳ್ತೀಯ? ನಾಗಲಕ್ಷ್ಮಿ! ನಾನು ನಿನ್ಗಿಂತ ಹಿರಿಯೋಳು ಕಣೆ... ಅಗೋ, ಹುಣಸೆಮರದ ತಾವ ಗುರುಮಲ್ಲಯ್ಯನೋರು. ಬಂದೇಬುಟ್ರು. ಅವ್ರ ಹಿಂದೆ ಯಾರು ಅದು, ದಾಪುಗಾಲು ಹಾಕ್ಕಂಡು? ಶಿವಮಲ್ಲಪ್ಪ! ಅವ್ನಿಗ್ಯಾರು ಹೇಳಿದ್ದು? ಕೈಲೇನೋ ಪೊಟ್ಟಣ ಬೇರೆ ಹಿಡ್ಕಂಡವ್ನೆ...

ಥೂ, ಕಡ್ಲೆಪುರಿ.

ಕೊಡಿಲ್ಲಿ ಮಂಕರಿ. ತುಂಬು... ತಡಿ, ತಡಿಯೇ, ಹಂಗೇ ಎತ್ತಬೇಡ! ತಲೆ ಮೇಲಿಡೋ ಸಿಂಬಿ ಎಲ್ಲಿಟ್ಟಿದ್ದೀಯ? ಸಿಂಬಿನಾದ್ರೂ ಕೊಡೆ...